ಬೀಳುವ ಸರದಿ ಚಿನ್ನಪ್ಪನದು

ಪ್ರಾರ್ಥನೆಯಷ್ಟು ಉತ್ತರದಾಯಿತ್ವವಿಲ್ಲದ ಕ್ಷೇತ್ರ ಇನ್ನೊಂದಿಲ್ಲ ಎಂಬುದು ನನ್ನ ಬಹುದಿನದ ಆಕ್ಷೇಪ. ಪಂಚಾಯಿತಿಯವರು ಚರಂಡಿ ತೆಗೆಸದಿದ್ದರೆ ಕೇಳಬಹುದು; ಅಧ್ಯಾಪಕರು ಪಾಠ ಮುಗಿಸದಿದ್ದರೆ ಕೇಳಬಹುದು. ಆದರೆ ಮೊಣಕಾಲೂರಿ, ಕಣ್ಣು ಮುಚ್ಚಿ, ಕೈ ಜೋಡಿಸಿ, ಒಳಗೊಳಗೇ ಸೀಮೆಹಸುವಿನ ವ್ಯಾಪಾರ ಕುದುರಿಸುತ್ತಿರುವ ಭಕ್ತನನ್ನು ಕೇಳುವವರು ಯಾರು? ನಾನು ಎಂದು ನಾನೇ ತೀರ್ಮಾನಿಸಿಕೊಂಡೆ. ವಿಶ್ವವಿದ್ಯಾಲಯ ನನಗೆ ದಯಪಾಲಿಸಿದ್ದು ಎರಡೇ: ಒಂದು ಸ್ನಾತಕೋತ್ತರ ಪದವಿ, ಮತ್ತು ಯಾವ ಸಭೆಯಲ್ಲಾದರೂ ತಾವಾಗಿಯೇ ಎದ್ದು ನಿಲ್ಲುವ ಕಾಲುಗಳು. ನಮ್ಮ ಚರ್ಚಿನ ಸಭೆಯಲ್ಲೂ ಅವು ಎದ್ದು ನಿಂತವು. "ಸ್ವಾಮಿ, ಸೂಜಿಯ ಕಣ್ಣಿನಲ್ಲಿ ಒಂಟೆ ನುಸುಳುವ ಪ್ರಸಂಗವನ್ನು ಪ್ರತಿ ವರ್ಷವೂ ಅವೇ ಮಾತುಗಳಲ್ಲಿ ಬೋಧಿಸುತ್ತೀರಲ್ಲ, ಇದಕ್ಕೆ ಸಮರ್ಥನೆ ಏನು?" ಎಂದು ಕೇಳಿದೆ. ನಮ್ಮ ಗುರುಗಳು ತಾಳ್ಮೆಯವರು. "ಒಂಟೆ ಇನ್ನೂ ದಾಟಿಲ್ಲ ಮಗನೇ" ಎಂದು ಹೇಳಿ ಮುಂದಿನ ವಿಷಯಕ್ಕೆ ಹೋದರು.

ನಾನಿರುವುದು ಕೋಡಿಹಳ್ಳಿಯಿಂದಾಚೆಯ ಒಂದು ಹಳ್ಳಿಯಲ್ಲಿ, ರೇಷ್ಮೆಹುಳು ಸಾಕುವ ಸೋದರತ್ತೆ ಆರೋಗ್ಯಮ್ಮನ ಮನೆಯಲ್ಲಿ. ಹಗಲು ಕನಕಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಸಂಜೆ ಅತ್ತೆಯ ಜೊತೆ ಜಪಸರ. ಈ ಅತ್ತೆಯ ಜಪಸರವೇ ನನ್ನ ಗೃಹಕಷ್ಟದ ಮೂಲ. ದೇವಮಾತೆಯನ್ನು ಸಂಬೋಧಿಸಿ ಆರಂಭಿಸಿದ ವಾಕ್ಯದ ನಡುವೆ, ಅದೇ ರಾಗದಲ್ಲಿ, ಉಸಿರನ್ನೂ ಬದಲಿಸದೆ, "ಇನ್ನಾಸ, ಹಾಲು ಉಕ್ತಾ ಐತೆ ನೋಡ್ಲಾ" ಎನ್ನುತ್ತಾಳೆ. ನಾನು ಎದ್ದು ಒಲೆ ಆರಿಸಿ ಬರುವಷ್ಟರಲ್ಲಿ ಅದೇ ವಾಕ್ಯದ ಕೊನೆಯ ಪದಕ್ಕೆ ಬಂದು ಸೇರಿ, ಒಂದು ಮಣಿಯನ್ನೂ ತಪ್ಪಿಸದೆ ಮುಂದಿನದನ್ನು ಹಿಡಿದಿರುತ್ತಾಳೆ. ಈ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲ ಆರಂಭವಾದಾಗ ನಾನೊಂದು ಕ್ರಮ ಜಾರಿಗೆ ತಂದೆ: ಜಪಸರ ಮುಗಿದ ಮೇಲೆ, ಮನಸ್ಸು ಎಲ್ಲೆಲ್ಲಿ ಅಲೆಯಿತೆಂದು ಪ್ರತಿಯೊಬ್ಬರೂ ಬಾಯಿಬಿಟ್ಟು ಹೇಳತಕ್ಕದ್ದು. ಪ್ರತಿಯೊಬ್ಬರು ಎಂದರೆ ಅತ್ತೆ. ಅವಳು ಸ್ವಲ್ಪವೂ ಅಂಜದೆ ಹೇಳಿದಳು: "ಹುಳದ ತಾವ ಹೋಗಿತ್ತು ಮಗ, ಆಮೇಲೆ ಒಸಿ ದನದ ತಾವ. ಹೋದ್ರೆ ಹೋಗ್ಲಿ ಬುಡು. ಅಲ್ಲೇನು ದೇವ್ರಿಲ್ವಾ? ಅವುನ್ನ ಮಾತಾಡಿಸ್ಕಂಡು ಬತ್ತೀನಿ." ಇದನ್ನು ನಾನು ತಪ್ಪೊಪ್ಪಿಗೆಯೆಂದೇ ದಾಖಲಿಸಿಕೊಂಡೆ. ಆದರೂ ತೃಪ್ತನಾಗಲಿಲ್ಲ.

ನಮ್ಮೂರಿನ ಶುಭ ಶುಕ್ರವಾರಕ್ಕೆ ಒಂದು ಪದ್ಧತಿಯಿದೆ. ಯೇಸುವಿನ ಕೊನೆಯ ನಡಿಗೆಯ ಹದಿನಾಲ್ಕು ಘಟನೆಗಳಿಗೆ ಹದಿನಾಲ್ಕು ಸ್ಥಳಗಳಲ್ಲಿ ನಿಂತು ಶಿಲುಬೆಯ ಹಾದಿಯ ಪ್ರಾರ್ಥನೆ ಹೇಳುತ್ತಾ ಜನ ಚರ್ಚಿನ ಹಿಂದಿನ ಗುಡ್ಡ ಹತ್ತುವಾಗ, ಮರದ ಶಿಲುಬೆ ಒಂದೊಂದು ಸ್ಥಳದಲ್ಲಿ ಒಂದೊಂದು ಮನೆಯವರ ಹೆಗಲಿಗೆ ಬದಲಾಗುತ್ತದೆ. ವೆರೋನಿಕಾ ಎಂಬಾಕೆ ಯೇಸುವಿನ ಮುಖ ಒರೆಸಿದ ಸ್ಥಳ ನಮ್ಮ ಮನೆಯದು. ಯೇಸು ಎರಡನೆಯ ಸಲ ಬೀಳುವ ಮುಂದಿನ ಸ್ಥಳ, ನಮ್ಮಂತೆಯೇ ಹುಳು ಸಾಕುವ ಚಿನ್ನಪ್ಪನ ಮನೆಯದು. ಮಾವ ತೀರಿಕೊಂಡಂದಿನಿಂದ ಅತ್ತೆಯೇ ನಮ್ಮ ಸರದಿಯ ಶಿಲುಬೆ ಹೊತ್ತವಳು. ಚಿಕೂನ್‌ಗುನ್ಯಾದಲ್ಲಿ ಕಾಲೂರಲಾರದ ವರ್ಷವೂ ಬಿಟ್ಟವಳಲ್ಲ. ಈ ವರ್ಷ ನೋಡಿದರೆ, ಅದೇ ಶುಕ್ರವಾರ ಬೆಳಿಗ್ಗೆ ಅವಳ ರೇಷ್ಮೆಹುಳುಗಳು ಹಣ್ಣಾಗಿಬಿಟ್ಟವು. ಹಣ್ಣಾದ ಹುಳುವನ್ನು ಅಂದೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಇಲ್ಲವಾದರೆ ಅದು ಸೊಪ್ಪಿನ ಕಸದಲ್ಲೇ ನೂಲು ಸುರಿದು ಬೆಳೆಯೆಲ್ಲ ಮಣ್ಣುಪಾಲು. ನಾನು ಹುಳುಮನೆಯ ಬಾಗಿಲಲ್ಲಿ ನಿಂತು, "ಅತ್ತೆ, ನಿಷ್ಠೆಗೆ ಪರೀಕ್ಷೆ ಬರೋದೇ ಇಂಥ ದಿನ. ಹುಳವೋ ಶಿಲುಬೆಯೋ, ಹೇಳ್ಬಿಡು" ಎಂದೆ.

"ಬಾಗ್ಲಲ್ಲಿ ನಿಂತ್ಕಂಡು ಗಾಳಿ ತಡೀಬ್ಯಾಡ" ಎಂದಳು ಅತ್ತೆ. "ದೇವ್ರು ಕೊಟ್ಟ ಜೀವ ಕಣ್ಲಾ ಇವು. ಹಬ್ಬ ಐತೆ, ನಾಳೆ ಹಣ್ಣಾಗಿ ಅಂದ್ರೆ ಕೇಳ್ತವಾ? ಶಿಲ್ಬೆ ಹೊರಾಕೆ ನೀನಿಲ್ವಾ, ಕಂಬ ಬೆಳ್ದಂಗೆ ಬೆಳ್ದಿದ್ದೀಯ. ಹೋಗು. ಆದ್ರೆ ಗ್ಯಾನ ಇಟ್ಕಂಡು ಹೊರು ಮಗ. ನಿಮ್ಮಾವ ಹೊತ್ತಿದ್ದು ಅದು." ಹಾಗೆಂದವಳು ಮತ್ತೆ ನನ್ನತ್ತ ನೋಡದೆ ತಟ್ಟೆಯ ಮೇಲೆ ಬಾಗಿದಳು. ವರ್ಷವಿಡೀ ಕಾದಿದ್ದ ಸರದಿಯನ್ನು ಅವಳು ನನ್ನ ಕೈಗಿಡುತ್ತಿದ್ದಳು. ಅದರ ತೂಕ ನನಗೂ ಗೊತ್ತಾಯಿತು. ಪ್ರಾಣ ಹೋದರೂ ಗಮನ ಕದಲಿಸಬಾರದೆಂದು ಸಂಕಲ್ಪ ಮಾಡಿ ಹೊರಟೆ.

ನಮ್ಮ ಸ್ಥಳದಲ್ಲಿ ಶಿಲುಬೆ ನನ್ನ ಹೆಗಲಿಗೆ ಬಂತು. ಮೊದಲ ಹತ್ತು ಹೆಜ್ಜೆ ನಿಜಕ್ಕೂ ಧ್ಯಾನವೇ. ಆಮೇಲೆ ಕಣ್ಣಿಗೆ ಬಿದ್ದದ್ದು ಪಕ್ಕದಲ್ಲೇ ಮೊಬೈಲು ಒತ್ತುತ್ತಿದ್ದ ಒಬ್ಬ ಯುವಕ. ಅವನ ಪಕ್ಕದಲ್ಲಿ ಮಾವಿನ ಕಾಯಿ ಉದುರಿದ ಸಂಗತಿಯನ್ನು ಪಿಸುಗುಟ್ಟುವ ಇಬ್ಬರು. ಆಕಳಿಕೆಯಲ್ಲೇ ಕೀರ್ತನೆ ಮುಗಿಸುವ ಗಾಯಕವೃಂದ. ನನ್ನ ರಕ್ತ ಕುದಿಯಿತು. ಭಕ್ತರ ಗಮನಭಂಗದ ಕುರಿತು ಮುಂದಿನ ಸಭೆಯಲ್ಲಿ ಮಂಡಿಸಬೇಕಾದ ಭಾಷಣ ಮನಸ್ಸಿನಲ್ಲಿ ತಾನಾಗಿ ಹೊಸೆದುಕೊಳ್ಳತೊಡಗಿತು. ಪೀಠಿಕೆ ಸೊಗಸಾಗಿ ಬಂದಿತ್ತು. ಎರಡನೆಯ ಭಾಗದಲ್ಲಿ ಒಂದು ಕಟುವಾದ ಉಪಮೆಯನ್ನು ಹುಡುಕುತ್ತಿದ್ದಾಗ ಕೆಳಗಿನಿಂದ ಕೂಗು ಕೇಳಿಸಿತು: "ಲೇ ಇನ್ನಾಸ! ಎಲ್ಗ್ಲಾ ಹೊತ್ಕಂಡ್ ಹೋಯ್ತಿದ್ದೀಯಾ?" ಹಿಂದಿರುಗಿ ನೋಡಿದೆ. ಸಭೆಯೆಲ್ಲ ಕೆಳಗೆ ಚಿನ್ನಪ್ಪನ ಸ್ಥಳದಲ್ಲಿ ಮೊಣಕಾಲೂರಿತ್ತು. ಶಿಲುಬೆ ಮಾತ್ರ ನನ್ನ ಜೊತೆ, ಅವನು ಹೊರಬೇಕಾದ ದೂರವನ್ನೂ ಬಹುಪಾಲು ದಾಟಿ, ಗುಡ್ಡ ಹತ್ತುತ್ತಿತ್ತು. ಒಗೆದ ಪಂಚೆ ಉಟ್ಟು, ಶಿಲುಬೆ ಹೊರಲೆಂದು ಹೆಗಲಿಗೆ ವಲ್ಲಿ ಮಡಿಸಿ ಹಾಕಿಕೊಂಡು ಕಾದು ನಿಂತಿದ್ದ ಚಿನ್ನಪ್ಪ ಏದುಸಿರು ಬಿಡುತ್ತಾ ಓಡಿ ಬರುತ್ತಿದ್ದ. ಗಾಬರಿಯಲ್ಲಿ ತಿರುಗಿದ ನನ್ನ ಕಾಲು ನೊರಜುಗಲ್ಲಿನ ಮೇಲೆ ಜಾರಿತು, ಶಿಲುಬೆಸಮೇತ ಬಿದ್ದೆ. ಎಲ್ಲರಿಗಿಂತ ಮೊದಲು ಬಂದವನು ಆ ಮೊಬೈಲಿನವನೇ. ಮೊದಲು ಶಿಲುಬೆಯನ್ನು ಎತ್ತಿ, ಕಣ್ಣಿಗೊತ್ತಿಕೊಂಡು, ಆಮೇಲೆ ನನ್ನನ್ನು ಎತ್ತಿದ. ಈ ಆದ್ಯತಾಕ್ರಮದಲ್ಲಿ ನಾನು ಯಾವ ದೋಷವನ್ನೂ ಕಾಣಲಾರೆ. ಚಿನ್ನಪ್ಪ ಬಂದವನು ನನ್ನ ತರಚಿದ ಮೊಣಕಾಲನ್ನೂ ಬಾಗಿದ ತಲೆಯನ್ನೂ ನೋಡಿ ಹೇಳಿದ್ದಿಷ್ಟು: "ಬೀಳೋ ಸರದಿ ನಮ್ದು. ಅದ್ನೂ ಕಿತ್ಕಂಡ್ಬುಟ್ಟೆಯಲ್ಲೋ!"

ಮನೆಗೆ ಬಂದಾಗ ಅತ್ತೆ ಕೊನೆಯ ಚಂದ್ರಿಕೆ ತುಂಬಿಸುತ್ತಿದ್ದಳು. ಚರ್ಚಿನ ಧ್ವನಿವರ್ಧಕದಲ್ಲಿ ಪ್ರಾರ್ಥನೆ ಕೇಳುತ್ತಾ, ಒಂದೊಂದು ಸ್ಥಳಕ್ಕೂ ಪ್ರತ್ಯುತ್ತರ ಹೇಳುತ್ತಾ ಕೆಲಸ ಮಾಡಿದ್ದಳು. ಹುಳು ಆರಿಸಲು ಬಂದಿದ್ದ ನೆರೆಮನೆಯ ಕೆಂಪಮ್ಮ ಗೌಡರ ಮನೆಯವಳು, ಚರ್ಚಿನವಳಲ್ಲ. ಅಷ್ಟು ಹೊತ್ತಿಗೆ ಅವಳಿಗೂ ಪ್ರತ್ಯುತ್ತರ ಬಾಯಿಪಾಠವಾಗಿತ್ತು. ನಡೆದದ್ದನ್ನು ಹೇಳಿದೆ. ಕೆಂಪಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಅತ್ತೆ ನಗಲಿಲ್ಲ. ಕೈ ತೊಳೆದು, "ವರ್ಷುಕ್ಕೆ ಒಂದೇ ಸಲ ಬರೋದು ಪಾಪ ಅವನ ಸರದಿ. ಬಾ, ಹೋಗಿ ತಪ್ಪಾಯ್ತು ಅನ್ನು" ಎಂದು ನನ್ನನ್ನು ಚಿನ್ನಪ್ಪನ ಮನೆಗೆ ನಡೆಸಿಕೊಂಡು ಹೋದಳು. ಹೆಗಲ ಮೇಲಿನ ವಲ್ಲಿಯನ್ನು ಅವನಿನ್ನೂ ತೆಗೆದಿರಲಿಲ್ಲ. ಕ್ಷಮೆ ಕೇಳಿದೆ, ನನ್ನ ಜೀವನದಲ್ಲಿ ಅಷ್ಟು ಚಿಕ್ಕ ಭಾಷಣವನ್ನು ನಾನು ಮಾಡಿದ್ದೇ ಇಲ್ಲ. ಚಿನ್ನಪ್ಪ ಗಡ್ಡ ಕೆರೆದುಕೊಂಡ. "ಬುಡವ್ವ ಆರೋಗ್ಯಮ್ಮ, ದೇವ್ರು ಕ್ಷಮಿಸ್ತಾನೆ. ನಮ್ ಹುಳ ನಾಳೆ ಹಣ್ಣಾಯ್ತವೆ. ನಮ್ ಹೊರೆ ಹೊರಾಕೆ ಇಷ್ಟು ಆಸೆ ಇರೋನು ಬೆಳಿಗ್ಗೇನೆ ಬಂದ್ಬುಡ್ಲಿ."

ಹೋದೆ. ಅವನ ಹುಳುಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ, ಒಂದೊಂದು ಹುಳುವನ್ನೂ ಬೆಳಕಿಗೆ ಹಿಡಿದು, ಹಸಿಯದನ್ನು ಬಿಟ್ಟು ಹಣ್ಣಾದದ್ದನ್ನೇ ಆರಿಸಿದೆ. ತಪಸ್ಸುಕಾಲವಿಡೀ ಎಲ್ಲಿಯೂ ನೆಲೆ ನಿಲ್ಲದ ನನ್ನ ಮನಸ್ಸು ಅಂದು ಒಂದು ಕ್ಷಣವೂ ಕದಲಲಿಲ್ಲ. ಇದು ದೈವಕೃಪೆಯೇ ಎಂದು ಬರೆಯುವ ಆಸೆಯೇನೋ ಇದೆ. ಆದರೆ ಬೆನ್ನ ಹಿಂದೆ ಚಿನ್ನಪ್ಪ ನಿಂತಿದ್ದ.