ಗೊತ್ತಿದ್ದವರ ದನಿ

ಕೆಲಸ ಬಾರದವನಿಗೆ ಕೆಲಸ ಸಿಕ್ಕರೆ ಆಗುವ ಫಜೀತಿ ಒಂದು ಥರದ್ದು. ತನಗೆ ಕೆಲಸ ಬರುತ್ತದೋ ಇಲ್ಲವೋ ಎಂಬುದೇ ಗೊತ್ತಿಲ್ಲದವನಿಗೆ ಸಿಕ್ಕರೆ ಆಗುವುದು ಬೇರೆಯೇ. ನಾನು ಎರಡನೆಯ ಪೈಕಿಯವನು. ಎಪ್ಪತ್ತರ ದಶಕದ ನಡುವಿನಲ್ಲಿ ಯಲಬುರ್ಗಾದ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರ್ ಆಗಿ ಸೇರಿದಾಗ, ಇವತ್ತೋ ನಾಳೆಯೋ ಯಾರೋ ದೊಡ್ಡ ಸಾಹೇಬರು ಒಳಗೆ ಬಂದು, ‘ಏನೋ ತಪ್ಪಾಗಿದೆ, ಈ ಕುರ್ಚಿ ನಿನ್ನದಲ್ಲ, ಏಳಪ್ಪಾ’ ಎನ್ನುತ್ತಾರೆಂದು ದಿನವೂ ಕಾಯುತ್ತಿದ್ದೆ. ಬಾಗಿಲ ಹತ್ತಿರ ಬೂಟಿನ ಸಪ್ಪಳವಾದರೆ ಸಾಕು, ಅರ್ಧ ಎದ್ದು ನಿಂತಿರುತ್ತಿದ್ದೆ.

ನನ್ನ ಭಯಕ್ಕೆ ಕಾರಣವಿತ್ತು. ಬೇವೂರಿನ ಒಕ್ಕಲುತನದ ಮನೆ ನಮ್ಮದು. ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಅರ್ಜಿ ಹಾಕುವವರೆಗೆ ನಾನು ಟೆಲಿಫೋನನ್ನು ಕೈಯಿಂದ ಮುಟ್ಟಿರಲಿಲ್ಲ. ತರಬೇತಿಯಲ್ಲಿ ಪಕ್ಕದವನು ಯಾವ ವೈರನ್ನು ಯಾವ ತೂತಿಗೆ ಚುಚ್ಚುತ್ತಾನೋ ನೋಡಿ ನಾನೂ ಹಾಗೇ ಚುಚ್ಚಿ ಪಾಸಾದವನು. ಅವನಾದರೂ ಸರಿಯಾಗಿ ಕಲಿತಿದ್ದನೋ, ಅವನೂ ತನ್ನ ಪಕ್ಕದವನನ್ನು ನೋಡುತ್ತಿದ್ದನೋ, ಈಗಲೂ ಅನುಮಾನ. ಇತ್ತ ಅವ್ವ ಮಾತ್ರ ಊರ ತುಂಬ, ‘ನನ್ನ ಮಗಾ ಕೈ ಬಿಟ್ರ ಇಡೀ ತಾಲೂಕಿನ ಮಾತು ನಿಂತು ಹೋಗತೈತಿ’ ಎಂದು ಹೇಳಿಕೊಂಡು ಬಂದಿದ್ದಳು.

ಎಕ್ಸ್‌ಚೇಂಜ್ ಎಂದರೆ ಬಾಡಿಗೆ ಮನೆಯ ಒಂದು ಕೋಣೆ, ಗೋಡೆಗೆ ಒರಗಿದ, ವೈರು ಚುಚ್ಚುವ ಒಂದು ಬೋರ್ಡು. ನನಗಿಂತ ಮೊದಲಿನಿಂದ ಅಲ್ಲಿದ್ದ ಆಪರೇಟರು ಖಾಸಿಂಸಾಬರು. ತರಬೇತಿಯಲ್ಲಿ ನಮಗೆ ಹೇಳಿಕೊಟ್ಟದ್ದು ಒಂದೇ ಮಂತ್ರ: ಮೊದಲು ನಂಬರು ಕೇಳು. ಯಲಬುರ್ಗಾದಲ್ಲಿ ನಂಬರು ಹೇಳುವ ಪದ್ಧತಿಯೇ ಇರಲಿಲ್ಲ. ‘ದೊಡ್ಡ ಗೌಡರಿಗೆ ಹಚ್ಚು’ ಎಂದು ಯಾರೋ ಅಂದರೆ ಖಾಸಿಂಸಾಬರು ನಂಬರಿನ ಗೊಡವೆಗೇ ಹೋಗದೆ, ಗೌಡರು ಈಗ ಮನೆಯಲ್ಲಿಲ್ಲ, ಎಣ್ಣೆ ಮಿಲ್ಲಿಗೆ ಹೋಗಿದ್ದಾರೆಂದು ತಾವೇ ತೀರ್ಮಾನಿಸಿ ಮಿಲ್ಲಿಗೆ ಹಚ್ಚುತ್ತಿದ್ದರು. ಗೌಡರು ಅಲ್ಲೇ ಇರುತ್ತಿದ್ದರು. ನಾನು ಮೊದಲ ದಿನ, ಫೋನೆತ್ತಿದ ಗೌಡರನ್ನೇ ಯಾವ ನಂಬರು ಬೇಕೆಂದು ಕೇಳಿದೆ. ಆ ಕಡೆಯಿಂದ ಬಂದದ್ದು, ‘ಖಾಸಿಂಸಾಬ ಎಲ್ಲಿ ಹೋಗ್ಯಾನ?’ ಎಂಬ ಪ್ರಶ್ನೆ.

ಆಮೇಲೆ ನಾನು ಗೊತ್ತಿದ್ದವನ ಹಾಗೆ ನಟಿಸುವುದನ್ನು ಕಲಿತೆ. ಕಿಟಕಿಯಲ್ಲಿ ಯಾರಾದರೂ ಇಣುಕಿದರೆ ಸುಮ್ಮನೆ ಒಂದು ವೈರು ಕಿತ್ತು ಇನ್ನೊಂದನ್ನು ಸರಿಪಡಿಸುತ್ತಿದ್ದೆ. ಮಾತು ಗರಗರ ಅಂದರೆ ಗಂಭೀರವಾಗಿ ‘ವಾತಾವರಣ ಸರಿ ಇಲ್ರಿ’ ಎನ್ನುತ್ತಿದ್ದೆ. ಹೊರಗೆ ಬಿಸಿಲು ರಣಗುಟ್ಟುತ್ತಿದ್ದರೂ ಯಾರೂ ಎದುರು ಮಾತಾಡಲಿಲ್ಲ. ನಾನು ಅಂಜುತ್ತಿದ್ದದ್ದು ಬೇರೆ ಊರುಗಳ ಆಪರೇಟರುಗಳಿಗೆ. ನಮಗೆ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರಲಿಲ್ಲ, ಊರೇ ಹೆಸರು. ‘ಹೇಳ್ರಿ ಕುಷ್ಟಗಿ’, ‘ತಡೀರಿ ಕೊಪ್ಪಳ’ ಎಂದೇ ಮಾತು. ಅವರಲ್ಲಿ ಗಂಗಾವತಿ ಎಂಬ ಹೆಣ್ಣು ದನಿಯೊಂದಿತ್ತು. ಎಷ್ಟು ಚುರುಕು, ಎಷ್ಟು ಬಿಗಿ ಎಂದರೆ, ನನ್ನ ಬಂಡವಾಳ ಬಯಲಾಗುವುದಿದ್ದರೆ ಅದು ಗಂಗಾವತಿಯಿಂದಲೇ ಎಂದು ನಿಶ್ಚಯ ಮಾಡಿಕೊಂಡಿದ್ದೆ.

ಸೇರಿ ಮೂರು ತಿಂಗಳಾಗಿತ್ತು. ಖಾಸಿಂಸಾಬರು ಮಗಳ ಮದುವೆಗೆಂದು ರಜೆ ಹಾಕಿದ್ದರು. ಮಧ್ಯಾಹ್ನ ಇಟಗಿಯ ಹನುಮವ್ವ ಎಂಬ ಮುದುಕಿ ಏದುಸಿರು ಬಿಡುತ್ತ ಒಳಗೇ ಬಂದುಬಿಟ್ಟಳು. ಮಗಳಿಗೆ ಹೆರಿಗೆ ಕಷ್ಟವಾಗಿದೆ, ಇಲ್ಲಿಯ ಡಾಕ್ಟರು ಜೀಪು ಮಾಡಿ ಕೊಪ್ಪಳದ ದವಾಖಾನೆಗೆ ಕಳಿಸುತ್ತಿದ್ದಾರೆ, ಅಳಿಯನನ್ನು ಅಲ್ಲಿಗೆ ಕರೆಸಬೇಕು. ಅಳಿಯ ಯಮನೂರಪ್ಪ ಗಂಗಾವತಿಯ ಅಕ್ಕಿ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಾನೆ. ಯಾವ ಮಿಲ್ಲು ಎಂದರೆ, ಕೆಂಪು ಗೋಡೆಯದು, ಮುಂದೆ ಹುಣಸೆ ಮರ ಇದೆ ಎಂದಳು. ಗಂಗಾವತಿಯಲ್ಲಿ ಮಿಲ್ಲುಗಳಿಗೇನು ಬರವೇ? ನಂಬರಿಲ್ಲದೆ ಆಗುವುದಿಲ್ಲ ಎನ್ನಬೇಕಿತ್ತು. ಅವಳು ನನ್ನ ಮುಖ ನೋಡುತ್ತಿದ್ದಳು. ‘ನಿಮಗ ಎಲ್ಲಾ ತಿಳಿತೈತಲ್ರಿ, ಯಪ್ಪಾ’ ಎಂದಳು. ಆ ಮಾತು ಕೇಳಿ ನನಗೆ ಅಳುವೇ ಬಂತು.

ಗಂಗಾವತಿಗೆ ಹಚ್ಚಿದೆ. ಕೆಂಪು ಗೋಡೆ, ಹುಣಸೆ ಮರ ಎಲ್ಲ ಹೇಳಿದೆ. ಆ ಬಿಗಿ ದನಿ ನಗಲಿಲ್ಲ. ಮೆತ್ತಗೆ ಹೇಳಿತು: “ಯಲಬುರ್ಗಾ ಅಣ್ಣಾರ, ಕೇಳಾಕ ನಾಚಿಕಿ ಬರತೈತಿ. ನಿಮ್ಮ ಲೈನ್ ಬಿಡದಂಗ ಹಿಡಕೊಂಡು ಮಿಲ್ಲಿಗೆ ಹೆಂಗ ಹಚ್ಚಲ್ರಿ? ನಾ ಬಂದು ಎರಡು ತಿಂಗಳಾತು, ಇನ್ನೂ ಅದು ಬರವಲ್ದು. ಯಾರಿಗೂ ಹೇಳಬ್ಯಾಡ್ರಿ.”

ನಾನು ಒಂದು ತಿಂಗಳು ಹಿರಿಯ! ನನಗೂ ಬರುವುದಿಲ್ಲ ಎನ್ನಬಹುದಿತ್ತು. ಹೇಳಲಿಲ್ಲ. ಮೇಜಿನ ಖಾನೆಯಿಂದ ನಿಯಮದ ಪುಸ್ತಕ ಎಳೆದು, ಹಾಳೆ ತಿರುವಿ, ಅಲ್ಲಿದ್ದ ಇಂಗ್ಲಿಷನ್ನು ಹುಟ್ಟಿನಿಂದ ಬಲ್ಲವನ ಹಾಗೆ ಕನ್ನಡದಲ್ಲಿ ನಿಧಾನವಾಗಿ ಹೇಳಿದೆ. ಅವಳು ಹಾಗೇ ಮಾಡಿದಳು. ನಾಲ್ಕನೆಯ ಮಿಲ್ಲಿನಲ್ಲಿ ಯಮನೂರಪ್ಪ ಸಿಕ್ಕ. ಅತ್ತೆ ಅಳಿಯನಿಗೆ ವಿಷಯ ಹೇಳುವಾಗ ಗಂಗಾವತಿಯಿಂದ ಯಲಬುರ್ಗಾದವರೆಗೆ ನಾವು ಇಬ್ಬರು ಬೆಪ್ಪರು ಉಸಿರು ಬಿಗಿಹಿಡಿದು ಕೂತಿದ್ದೆವು. ಅವನು ಲಾರಿ ಹತ್ತಿ ಕೊಪ್ಪಳ ಸೇರಿದ. ತಾಯಿ ಉಳಿದಳು, ಹೆಣ್ಣು ಕೂಸೂ ಉಳಿಯಿತು. ಹನುಮವ್ವ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು ಬೋರ್ಡಿಗೇ ಕೈಮುಗಿದು ಹೋದಳು.

ಅಂದಿನಿಂದ ಗಂಗಾವತಿ ನನ್ನನ್ನು ‘ಗುರುಗಳೇ’ ಎನ್ನತೊಡಗಿದಳು. ಮಾತು ಗರಗರ ಅಂದರೆ ತಾನೂ ಅಲ್ಲಿಯ ವ್ಯಾಪಾರಿಗಳಿಗೆ ‘ವಾತಾವರಣ’ ಎಂದೇ ಹೇಳುತ್ತೇನೆ, ನಿಮ್ಮಿಂದ ಕಲಿತದ್ದು ಎಂದಳು. ಆ ವಿದ್ಯೆ ಇನ್ನೂ ಎಷ್ಟು ಊರಿಗೆ ಹಬ್ಬಿತೋ ತಿಳಿಯದು. ಎರಡು ವರ್ಷದ ಮೇಲೆ ಅವಳ ಮದುವೆಯ ಪತ್ರಿಕೆ ಬಂತು. ಮೇಲೆ ‘ಶ್ರೀ ಯಲಬುರ್ಗಾ ಅವರಿಗೆ’ ಎಂದು ಬರೆದಿತ್ತು.

ಹೋದೆ. ಆ ದನಿಗೆ ಒಂದು ಮುಖ ಇದೆ ಎಂಬುದೇ ನನಗೆ ಸೋಜಿಗ. ಅವಳು ಅತ್ತೆ ಮಾವಂದಿರ ಮುಂದೆ ನನ್ನನ್ನು ನಿಲ್ಲಿಸಿ, ನನಗೆ ಕೆಲಸ ಕಲಿಸಿದವರು ಇವರೇ ಎಂದಳು. ಮನಸ್ಸು ತಡೆಯಲಿಲ್ಲ. ಅಕ್ಷತೆ ಹಾಕುವಾಗ ಕಿವಿಯ ಹತ್ತಿರ ಬಾಗಿ, ಆವತ್ತು ನನಗೂ ಏನೂ ಗೊತ್ತಿರಲಿಲ್ಲ ತಂಗೀ ಎಂದು ಒಪ್ಪಿಕೊಂಡೆ.

“ಗೊತ್ತೈತ್ರಿ,” ಎಂದಳು ಅವಳು, ತಲೆ ಬಗ್ಗಿಸಿಕೊಂಡೇ. “ಹಾಳಿ ತಿರುವೋ ಸಪ್ಪಳ ಕೇಳತಿತ್ತು. ಆದ್ರ ಆವತ್ತ ನನಗ ಗೊತ್ತಿದ್ದವರ ದನಿ ಒಂದು ಬೇಕಾಗಿತ್ರಿ. ನಿಮ್ದು ಛಲೋ ಇತ್ತು.”

ಸಪ್ಪಳ ಸಾಗಿಸುವುದೇ ನೌಕರಿಯಾಗಿದ್ದವನಿಗೆ ತನ್ನ ಹಾಳೆಯ ಸಪ್ಪಳವೂ ಸಾಗುತ್ತದೆಂದು ಹೊಳೆದಿರಲಿಲ್ಲ. ಪಂಕ್ತಿಯಲ್ಲಿ ಕೂತಾಗ ಅವಳ ಮಾವ ‘ಗುರುಗಳಿಗೆ, ಗುರುಗಳಿಗೆ’ ಎಂದು ನನ್ನ ಎಲೆಗೆ ಎರಡು ಹೋಳಿಗೆ ಹೆಚ್ಚಿಗೆ ಹಾಕಿಸಿದರು. ಬೇಡ ಎನ್ನುವುದು ನ್ಯಾಯವಾಗಿತ್ತು. ಗುರುವಿನ ಗಾಂಭೀರ್ಯ ಸ್ವಲ್ಪವೂ ಬಿಡದೆ ತುಪ್ಪ ಕೇಳಿದೆ.