ಹುಣಸಮಾರನಹಳ್ಳಿ ಅಣ್ಣನ ಫಾರಿನ್ ವಾಸ

ಅಳಬೇಕಾದ ಕಡೆಯೇ ನನ್ನ ಕಣ್ಣೆದುರು ನಗು ಬರಿಸುವಂಥದ್ದೇನಾದರೂ ನಡೆದುಬಿಡುತ್ತೆ. ಗಲ್ಫಿನಲ್ಲಿ ಎ.ಸಿ. ರಿಪೇರಿ ಮಾಡಿಕೊಂಡಿದ್ದಷ್ಟು ವರ್ಷವೂ ಇದೇ ಕಥೆ.

ಮೀನು ಮಾರ್ಕೆಟ್

ಹೋದ ಹೊಸತು. ಶುಕ್ರವಾರ ರಜೆ, ಮೀನು ಮಾರ್ಕೆಟ್ಟಿಗೆ ಹೋದೆ. ಯಶವಂತಪುರದ ಮಾರ್ಕೆಟ್ ನೋಡಿದವನಿಗೆ ಜನರ ನೂಕುನುಗ್ಗಲು ಹೊಸದಲ್ಲ. ಆದರೆ ಅಷ್ಟು ಜನ ಕೂಗುತ್ತಿದ್ದರೂ ನನಗೆ ತಿಳಿಯೋ ಮಾತು ಒಂದೂ ಇಲ್ಲ. ಕನ್ನಡ ಕಿವಿಗೆ ಬಿದ್ದು ಎಷ್ಟೋ ದಿನವಾಗಿತ್ತು. ಕಣ್ಣೊರೆಸಿಕೊಂಡು ನಡೆಯುವಾಗ ಯಾರದೋ ಕಾಲು ತುಳಿದೆ.

“ಥೂ, ನಿನ್ ಮನೆ ಆಳಾಗ! ಕಣ್ಣೇನು ಒಲದಾಗೆ ಬಿಟ್ಟು ಬಂದಿದ್ದೀಯಾ?”

ಅವರ ಎರಡೂ ಕೈ ಹಿಡಿದುಕೊಂಡೆ. “ಅಣ್ಣಾ, ಇನ್ನೊಂದ್ಸಲ ಬೈಯಿರಿ.”

ಧಾರಾಳವಾಗಿ ಬೈದರು. ನಾನು ಯಲಹಂಕದ ಪುಟ್ಟೇನಹಳ್ಳಿಯವನು, ಅವರದು ಹುಣಸಮಾರನಹಳ್ಳಿ. ಅವತ್ತೇ ಅವರ ರೂಮಿಗೆ ಸೇರಿಕೊಂಡೆ. ಅಲ್ಲಿ ಬೈಗುಳವೂ ಬಾಡಿಗೆಯಲ್ಲೇ ಸೇರಿತ್ತು.

ಸೋಫಾ

ರೂಮೆಂದರೆ ಒಂದರ ಮೇಲೊಂದು ಕಬ್ಬಿಣದ ಮಂಚ. ಮೇಲಿನವನು ಮಗ್ಗುಲಾದರೆ ಕೆಳಗಿನವನ ಬಾಯಿಗೆ ತುಕ್ಕು. ಅಣ್ಣ ಇದನ್ನು ಹೆಂಡತಿಗೆ, ನಾನು ಅಕ್ಕ ಅನ್ನುತ್ತಿದ್ದವರಿಗೆ, ಹೇಳಿರಲಿಲ್ಲ. ವಿಡಿಯೋ ಕಾಲ್ ಮಾಡಬೇಕಾದಾಗ ನನ್ನನ್ನೂ ಎಳೆದುಕೊಂಡು ದೊಡ್ಡದೊಂದು ಫರ್ನಿಚರ್ ಅಂಗಡಿಗೆ ಹೋಗಿ, ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ, “ಇಲ್ಲೇ ಕಣೇ ನಾವಿರಾದು” ಅನ್ನೋರು.

ಒಂದಿನ ಸೇಲ್ಸ್‌ಮನ್ ಬಂದು ಪಕ್ಕದಲ್ಲೇ ನಿಂತ.

“ಅದ್ಯಾರು?” ಅಂದರು ಅಕ್ಕ.

“ಮನೆ ಕೆಲಸದೋನು.”

“ಟೈ ಕಟ್ಟವ್ನೆ?”

“ಈ ದೇಶದಲ್ಲಿ ಎಲ್ರೂ ಕಟ್ತಾರೆ ಕಣೇ.”

“ಮತ್ತೆ ನಿಮ್ದೆಲ್ಲಿ?”

ಅಣ್ಣ ಫೋನ್ ಕಟ್ ಮಾಡಿ ನೆಟ್‌ವರ್ಕಿಗೆ ಬೈದರು.

ಪೆಟ್ಟಿಗೆ

ಆ ಬೇಸಿಗೆಯಲ್ಲಿ ಕೆಲಸದ ಜಾಗದಲ್ಲೇ ಅಣ್ಣ ಎದೆ ಹಿಡಿದುಕೊಂಡು ಕೂತರು. ಏಳಲಿಲ್ಲ. ಹೆಣದ ಪೆಟ್ಟಿಗೆಯ ಜೊತೆ ನಾನು ಬಂದೆ. ಏರ್‌ಪೋರ್ಟಿನಿಂದ ಅವರೂರು ಎಷ್ಟು ಹತ್ತಿರವೆಂದರೆ, ಅಕ್ಕನಿಗೆ ಏನು ಹೇಳಬೇಕೆಂದು ಹೊಳೆಯುವ ಮೊದಲೇ ಆಂಬುಲೆನ್ಸ್ ಅವರ ಬಾಗಿಲಲ್ಲಿ ನಿಂತಿತ್ತು.

ಪೆಟ್ಟಿಗೆ ಬಿಚ್ಚಿ ಅಣ್ಣನನ್ನು ಚಾಪೆ ಮೇಲೆ ಮಲಗಿಸಿದರು. ಅಕ್ಕ ಕಣ್ಣಲ್ಲಿ ನೀರಿಲ್ಲದೆ ಗೋಡೆಗೊರಗಿ ಕೂತಿದ್ದರು. ಅಣ್ಣನ ಚಿಕ್ಕಪ್ಪ ಖಾಲಿ ಪೆಟ್ಟಿಗೆಗೆ ಒಂದು ಸುತ್ತು ಬಂದು, ಹಲಗೆ ಕುಟ್ಟಿ ನೋಡಿ, ನನ್ನ ಕಿವಿಯ ಹತ್ತಿರ ಬಾಗಿದರು. ಅವರ ಕಿವಿ ಮಂದ. ಹಾಗಾಗಿ ಅವರ ಪಿಸುಮಾತು ಬೀದಿಗೆಲ್ಲ ಕೇಳಿಸಿತು:

“ಮರ ಗಟ್ಟಿಯಾಗೈತೆ. ಇದನ್ನೇನ್ ಮಾಡ್ತೀರಪ್ಪಾ? ನಮ್ಮನೇಲಿ ರಾಗಿ ತುಂಬಾಕೆ ಆಯ್ತದೆ.”

ಅಳುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವರ ಕಪಾಳಕ್ಕೆ ಬಾರಿಸೋಣ ಅನ್ನಿಸಿತು ನನಗೆ. ಅಷ್ಟರಲ್ಲಿ ಅಕ್ಕ ತಲೆಯೆತ್ತಿದರು.

“ಕೊಟ್ಬಿಡು ತಮ್ಮಾ. ಫಾರಿನ್ನಿಂದ ನಂಗೇನ್ ತಂದ ಅಂತ ಬೆಳಗಿಂದ ಕೇಳಕ್ಕಾಗ್ದೆ ಒದ್ದಾಡ್ತಾವ್ರೆ.”

ಮೊದಲು ನಕ್ಕಿದ್ದು ಅಕ್ಕನೇ. ಆಮೇಲೆ ಅವರನ್ನು ಹಿಡಿದುಕೊಳ್ಳೋಕೆ ನಾಲ್ಕು ಜನ ಹೆಂಗಸರು ಬೇಕಾಯ್ತು.