ಹಾರ ಹಾಕಿಸಿಕೊಂಡಿದ್ದ ನನ್ನ ಹೊಲಿಗೆ ಮೆಷಿನ್ನನ್ನು ಎತ್ತಿಕೊಂಡು ಹೋದ ಮಹನೀಯರಿಗೆ

ಶ್ರೀಗಂಧದ ಕಾವಲಿನ ಗುಜರಿ ಅಂಗಡಿಗಳಿಂದ ಹಿಡಿದು ಕೆಂಗೇರಿಯ ಅಟ್ಟಗಳವರೆಗೆ ಒಂದು ಭಾನುವಾರವೂ ಬಿಡದೆ ಹುಡುಕಿ, ಬಸವೇಶ್ವರನಗರದ ತಮ್ಮ ಹಾಲ್‌ನಲ್ಲಿ ಮೂವತ್ತೇಳು ಹಳೇ ಹೊಲಿಗೆ ಮೆಷಿನ್ನುಗಳನ್ನು ಕೂಡಿಹಾಕಿ, ಅವುಗಳಲ್ಲಿ ಒಂದರಲ್ಲೂ ಒಂದು ಕರ್ಚೀಫಿನ ಅಂಚನ್ನೂ ಹೊಲಿಯದ ಶ್ರೀಮಾನ್ ಸುಘೋಷ್ ಅವರ ಪಾದಗಳಿಗೆ, ಹೇರೋಹಳ್ಳಿಯ ಟೈಲರ್ ಕಲಾ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು, ತಮ್ಮ ಸಂಗ್ರಹ ತೋರಿಸಲು ತಾವು ಹಾಕುವ ವಿಡಿಯೋಗಳಿಂದ ತಿಳಿದು ಸಂತೋಷವಾಯಿತು. ನಾನು ಕ್ಷೇಮವಾಗಿಲ್ಲ. ಕಳೆದ ಆಯುಧಪೂಜೆಯ ದಿನ ನಮ್ಮ ಬೀದಿಗೆ ದಯಮಾಡಿಸಿದ ತಾವು, ಅರಿಶಿನ ಕುಂಕುಮ ಹಚ್ಚಿಸಿಕೊಂಡು ಸೇವಂತಿಗೆ ಹಾರದಲ್ಲಿ ಕೂತಿದ್ದ ನನ್ನ ಮೆಷಿನ್ನನ್ನು ಕಂಡು, ಇದರಲ್ಲಿ ಯಾರಾದರೂ ಹೊಲಿಯುತ್ತಾರಾ ಎಂದು ನಮ್ಮ ಮಾವ ದೊಡ್ಡಹನುಮಯ್ಯನವರನ್ನು ಕೇಳಿದಿರಂತೆ. ಮುಟ್ಟಂಗಿಲ್ಲ ಸಾಮಿ, ಪೂಜೆಗಿಟ್ಟಿದೀವಿ ಅಂದರಂತೆ ಅವರು. ಅಷ್ಟಕ್ಕೇ ತಾವು, ಇದು ಹೊಲಿಗೆ ಬಿಟ್ಟು ದೇವರಾಗಿಹೋದ ಮೆಷಿನ್ನು ಎಂದು ತೀರ್ಮಾನಿಸಿ, ಮಾರನೇ ಬೆಳಿಗ್ಗೆ ಗೂಡ್ಸ್ ಆಟೋ ತಂದಿರಿ. ನಾನೋ, ಹಬ್ಬ ಕಳೆದ ಮೇಲೆ ರಿಪೇರಿಯವರು ಬರುತ್ತಾರೆ, ಮೆಷಿನ್ ಕೊಟ್ಟು ಕಳಿಸಿ ಎಂದು ಮಾವನಿಗೆ ಹೇಳಿ ಮಲ್ಲತ್ತಹಳ್ಳಿಗೆ ರವಿಕೆ ಕೊಡಲು ಹೋಗಿದ್ದೆ. ಹಿಂದಿನ ದಿನವೇ ಮೆಷಿನ್ ನೋಡಿಕೊಂಡು ಹೋಗಿದ್ದ ತಾವೇ ರಿಪೇರಿಯವರು ಅಂದುಕೊಂಡು ಮಾವ ತಮಗೆ ಕಾಫಿಯನ್ನೂ ಕೊಟ್ಟು, ಆಟೋಗೆ ಹತ್ತಿಸಲು ಕೈಯನ್ನೂ ಕೊಟ್ಟರು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರಲ್ಲ, ಹಾಗಾಯಿತು.

ಬೆಂಗಳೂರಿನಲ್ಲೇ ಹುಟ್ಟಿ ಬೆಳೆದೂ, ಆಯುಧಪೂಜೆಯ ದಿನ ದುಡಿಯುವ ಸಾಮಾನಿಗೆ ರಜೆ ಎಂಬುದು ತಿಳಿಯದಷ್ಟು ಓದಿಕೊಂಡಿರುವ ತಮ್ಮ ಪಾಂಡಿತ್ಯಕ್ಕೆ ಏನು ಹೇಳಲಿ! ಮುಂದಿನ ಹಬ್ಬಕ್ಕೆ ದಯವಿಟ್ಟು ಕಾಮಾಕ್ಷಿಪಾಳ್ಯದ ಕಾರ್ಖಾನೆಗಳ ಕಡೆ ಬನ್ನಿ, ಬೂದುಗುಂಬಳ ಒಡೆಸಿಕೊಂಡು ಸುಮ್ಮನೆ ನಿಂತಿರುವ ಲೇತ್‌ಗಳು ಸಾಲುಗಟ್ಟಿ ಸಿಗುತ್ತವೆ. ಬಾಳೆಕಂದು ಕಟ್ಟಿಸಿಕೊಂಡ ಸಿಟಿ ಬಸ್ಸುಗಳೂ ಡಿಪೋದಲ್ಲಿ ಇರುತ್ತವೆ, ಪಾಪ, ದಿಕ್ಕಿಲ್ಲದವು, ಅವನ್ನೂ ತಮ್ಮ ಹಾಲ್‌ಗೆ ಸೇರಿಸಿಕೊಳ್ಳಿ.

ಅಲ್ಲಿ ನನ್ನ ಮೆಷಿನ್ನಿಗೆ ಸಿಕ್ಕಿರುವ ಮರ್ಯಾದೆಯನ್ನೂ ವಿಡಿಯೋದಲ್ಲಿ ನೋಡಿದೆ. ಪೆಡಲ್ ಮೇಲೆ ಮನಿಪ್ಲಾಂಟ್ ಇಟ್ಟು, ‘ಮರೆಯಾದ ಕೈಗಳ ನೆನಪು’ ಎಂದು ಬೋರ್ಡು ಬರೆಸಿದ್ದೀರಿ. ಅಯ್ಯೋ ಸ್ವಾಮಿ, ಆ ಕೈ ನಂದು, ಇನ್ನೂ ಗಟ್ಟಿಮುಟ್ಟಾಗಿದೆ, ಅದರಲ್ಲೇ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಅತ್ತೆ ಚಿಕ್ಕಗಂಗಮ್ಮ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಲಿಗೆ ಕಲಿಸಿದ್ದು ಅದರಲ್ಲೇ. ನನ್ನ ಹತ್ತಿರ ಇನ್ನೊಂದು ಮೆಷಿನ್ನಿಲ್ಲ. ನಾಲ್ಕು ತಿಂಗಳಿಂದ ಎದುರುಮನೆ ಭಾಗವ್ವನ ಕೆಲಸ ಯಾವಾಗ ಮುಗಿಯುತ್ತದೋ, ಅವಳು ತನ್ನ ಮೆಷಿನ್ ಬಿಟ್ಟು ಯಾವಾಗ ಏಳುತ್ತಾಳೋ ಎಂದು ಕತ್ತರಿಸಿದ ಬಟ್ಟೆ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದೇನೆ. ಮದುವೆ ಕಾಲ ಬೇರೆ. ಹತ್ತು ವರ್ಷದಿಂದ ನನ್ನ ಹತ್ತಿರವೇ ಹೊಲಿಸುತ್ತಿದ್ದ ಅನು ಮೊನ್ನೆ ಬಂದು ಬಟ್ಟೆ ವಾಪಸ್ ತೆಗೆದುಕೊಂಡು ಹೋದಳು. ಕೈಯಾರೆ ಎತ್ತಿಕೊಟ್ಟೆನಲ್ಲ ಎಂದು ಮಾವ ನನ್ನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದಾರೆ. ಹೊಟ್ಟೆ ಉರಿಯುತ್ತಿದೆ ಸ್ವಾಮಿ, ಮರ್ಯಾದೆಯಿಂದಲೇ ಹೇಳುತ್ತಿದ್ದೇನೆ.

ತಮ್ಮ ಬಾಗಿಲಿಗೆ ಮೂರು ಸಲ ಬಂದಾಗಲೂ, ಸಂಗ್ರಹಕ್ಕೆ ಸೇರಿದ್ದು ಹೊರಗೆ ಹೋಗುವುದಿಲ್ಲ ಎಂದು ಅಪ್ಪಣೆ ಕೊಡಿಸಿದಿರಿ. ಹಾಗಾದರೆ ನನ್ನನ್ನೂ ಸಂಗ್ರಹಕ್ಕೆ ಸೇರಿಸಿಕೊಳ್ಳಿ. ಮೆಷಿನ್ನಿನ ಮುಂದೆ ಒಂದು ಸ್ಟೂಲ್ ಹಾಕಿಸಿ, ದಿನಾ ಒಂಬತ್ತಕ್ಕೆ ಬಂದು ತುಳಿಯುತ್ತೇನೆ. ನನ್ನ ಗಿರಾಕಿಗಳು ಅಳತೆ ಕೊಡುವುದಕ್ಕೆ ತಮ್ಮ ಬೆಡ್‌ರೂಮ್ ಖಾಲಿ ಮಾಡಿಸಿ, ಹನ್ನೊಂದಕ್ಕೆ ಟೀ ಕಳಿಸಿ, ಸಂಜೆ ಚೂರುಬಟ್ಟೆ ಗುಡಿಸುವ ಸೇವೆಯನ್ನು ತಾವೇ ವಹಿಸಿಕೊಳ್ಳಬೇಕಾಗಿ ಪ್ರಾರ್ಥನೆ. ಇದಾವುದೂ ಆಗದಿದ್ದರೆ, ಅದೇ ಗೂಡ್ಸ್ ಆಟೋದಲ್ಲಿ ನನ್ನ ಮೆಷಿನ್ನನ್ನು ವಾಪಸ್ ಕಳಿಸಿ.

ಮೆಷಿನ್ ಮನೆಗೆ ಬರುವ ತನಕ ಮಾತ್ರ
ತಮ್ಮ ವಿಶ್ವಾಸಿ,
ಕಲಾ
ಹೇರೋಹಳ್ಳಿ

ಮತ್ತೊಂದು ಮಾತು: ಹಬ್ಬಕ್ಕೆ ಮೆಷಿನ್ ಒರೆಸುವಾಗ, ಕೆಳಗಿನ ದಾರ ಕೂರುವ ಬಾಬಿನ್ ಕೇಸನ್ನು ಬಿಚ್ಚಿ ಮನೆಯೊಳಗೆ ತೆಗೆದಿಟ್ಟಿದ್ದೆ. ಅದು ಇವತ್ತಿಗೂ ನಮ್ಮ ಮನೆಯಲ್ಲೇ ಇದೆ. ಅದಿಲ್ಲದೆ ಆ ಮೆಷಿನ್ನಿನಲ್ಲಿ ಒಂದು ಹೊಲಿಗೆಯೂ ಬೀಳುವುದಿಲ್ಲ. ಹೊಲಿಯುವವರು ಯಾರಾದರೂ ಆಗಿದ್ದರೆ ಮೊದಲ ದಿನವೇ ಅದನ್ನು ಕೇಳಿಕೊಂಡು ಓಡಿ ಬರುತ್ತಿದ್ದರು. ತಾವು ನಾಲ್ಕು ತಿಂಗಳಾದರೂ ಬರಲಿಲ್ಲ.